ನೆಲ ಕೊಡುವ ಸಾಲ: ನ್ಯೂಟನ್, ಶಿರಾ ಮತ್ತು ಬರಿಗಾಲಿನ ಫುಟ್‌ಬಾಲ್



ಇವತ್ತು ಒಂದು ಬಿದ್ದ ಕಥೆಯಿಂದ ಶುರು ಮಾಡ್ತೀನಿ. ಬಿದ್ದೋನು ನಾನೇ.

ಒಂಬತ್ತನೇ ಕ್ಲಾಸು. ನಮ್ಮ ಸ್ಕೂಲ್ ಟೀಮು ಹೆಂಗೋ ತಾಲ್ಲೂಕು ದಾಟಿ, ಜಿಲ್ಲೆ ದಾಟಿ, ದೂರದ ಒಂದೂರಿಗೆ ಫುಟ್‌ಬಾಲ್ ಆಡೋಕೆ ಹೋಗಿತ್ತು. ಅಲ್ಲಿ ಹುಲ್ಲಿನ ಮೈದಾನ. ನಾವು ಹುಲ್ಲಿನ ಮೈದಾನವನ್ನ ಟಿವಿಯಲ್ಲಿ ಮಾತ್ರ ನೋಡಿದ್ದೋರು. ಹಿಂದಿನ ರಾತ್ರಿ ಚೆನ್ನಾಗಿ ಮಳೆ ಹೊಡೆದಿತ್ತು. ನಮ್ಮಲ್ಲಿ ಹನ್ನೊಂದು ಜನಕ್ಕೆ ಎಂಟು ಜನ ಬರಿಗಾಲು. ಎದುರಾಳಿಗಳೆಲ್ಲ ಸ್ಟಡ್ ಶೂ.

ಮೊದಲ ಹತ್ತು ನಿಮಿಷದಲ್ಲೇ ಬಲಗಡೆ ನನಗೆ ಬಾಲ್ ಸಿಕ್ತು. ಮುಂದೆ ಒಬ್ಬನೇ ಡಿಫೆಂಡರ್. ನಮ್ಮೂರಲ್ಲಿ ದಿನಾ ಮಾಡೋ ಹಂಗೆ ಓಡ್ತಾ ಓಡ್ತಾ ಒಳಗಡೆ ತಿರುಗಿದೆ. ದೇಹ ತಿರುಗಲಿಲ್ಲ. ಎರಡೂ ಕಾಲು ಕೆಳಗಿಂದ ಹೊರಟುಹೋಯ್ತು, ಸೊಂಟದ ಮೇಲೆ ಬಿದ್ದೆ. ಅದೇ ಬಾಲ್ ಆ ಕಡೆ ಹೋಗಿ ಗೋಲಾಯ್ತು. ಆಮೇಲೆ ನಮ್ಮೋರು ಒಬ್ಬೊಬ್ಬರಾಗಿ ಬೀಳ್ತಾನೇ ಇದ್ರು. ಐದೋ ಆರೋ ಗೋಲು ತಿಂದ್ವಿ. ವಾಪಸ್ ಬರುವಾಗ ಜೊತೆಗಿದ್ದ ದೊಡ್ಡೋರೊಬ್ಬರು ಬಸ್ಸಲ್ಲಿ ಎಲ್ಲರ ಮುಂದೆ ಹೇಳಿದ್ರು, "ಕಾಲಲ್ಲಿ ದಮ್ಮಿಲ್ದೋರೆಲ್ಲ ಯಾಕ್ರೋ ಬರ್ತೀರ?"

ನಮ್ಮ ಟೀಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡ್ತಿದ್ದ ಹುಡುಗ ಅವತ್ತು ಎಲ್ಲರಿಗಿಂತ ಜಾಸ್ತಿ ಸಲ ಬಿದ್ದಿದ್ದ. ಆ ಮಾತು ಅವನಿಗೆ ತಾಗ್ತು. ಮಾರನೇ ದಿನದಿಂದ ಅವನು ಮೈದಾನಕ್ಕೆ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ.

ವಿಚಿತ್ರ ಏನಂದ್ರೆ, ಅದೇ ತಿಂಗಳು ಸೈನ್ಸ್ ಕ್ಲಾಸಲ್ಲಿ ನಮಗೆ ನಡೀತಿದ್ದ ಪಾಠ ಬಲ ಮತ್ತು ಚಲನೆಯ ನಿಯಮಗಳು. ಮೂರೂ ನಿಯಮ ಬಾಯಿಪಾಠ ಮಾಡಿದ್ದೆ. ಆದ್ರೆ ಅವತ್ತು ನಾನು ಬಿದ್ದಿದ್ದಕ್ಕೂ ಆ ಪಾಠಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಲಿಲ್ಲ, ನನಗೂ ಹೊಳೀಲಿಲ್ಲ. ನಾನು ಕಾಮರ್ಸ್ ತಗೊಂಡೆ, ಬಿ.ಕಾಂ. ಮಾಡ್ದೆ. ಹತ್ತು ಹನ್ನೆರಡು ವರ್ಷ ಆದ್ಮೇಲೆ, ಈ ಪಾಡ್‌ಕಾಸ್ಟ್‌ಗೆ ಅಂತ ಓದ್ತಾ ಕೂತಾಗ, ಆ ಬೀಳುವಿಕೆಯ ಲೆಕ್ಕ ಸಿಕ್ತು. ಅದನ್ನ ಹೇಳಬೇಕಂದ್ರೆ ನಾವು 1687ರ ತನಕ ಹೋಗಿ ಬರಬೇಕು. ದೂರದ ದಾರಿ, ಆದ್ರೆ ಮಧ್ಯದಲ್ಲಿ ಶಿರಾ ಸಿಗುತ್ತೆ.

ನಾಲ್ಕು ತಾಲ್ಲೂಕಿನ ನೆಲ

ಮೊದಲು ಊರಿನ ಪರಿಚಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಕಂದಾಯದ ಲೆಕ್ಕದಲ್ಲಿ ನಾವು ತುಮಕೂರು ಜಿಲ್ಲೆ. ಆದ್ರೆ ಶಿಕ್ಷಣ ಇಲಾಖೆ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕು ಸೇರಿದ್ರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಟಿವಿಯಲ್ಲಿ ಮಧುಗಿರಿ ಅಂತ ಬೇರೆ ಹೆಸರು ಬರುತ್ತಲ್ಲ, ಅದೇ ನಾವು.

ಒಂದೇ ಬಂಡೆಯ ಮಧುಗಿರಿ ಬೆಟ್ಟದ ಹೆಸರು ಕೇಳಿರ್ತೀರ. ಕೊರಟಗೆರೆಯಲ್ಲಿ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಜಯಮಂಗಲಿ ನದಿ. ಪಾವಗಡಕ್ಕೆ ಹೋದ್ರೆ ಬಹುತೇಕ ಸುತ್ತಲೂ ಆಂಧ್ರ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. ಅಷ್ಟು ದೊಡ್ಡ ಸೋಲಾರ್ ಪಾರ್ಕನ್ನ ಅಲ್ಲಿ ಯಾಕೆ ಮಾಡಿದ್ರು? ಬಿಸಿಲು ಜಾಸ್ತಿ, ಮಳೆ ಕಮ್ಮಿ. ಈ ಮಾತನ್ನ ನೆನಪಲ್ಲಿ ಇಟ್ಕೊಳ್ಳಿ, ಫುಟ್‌ಬಾಲ್‌ಗೂ ಇದೇ ಮುಖ್ಯ.

ನಮ್ಮ ಕಡೆ ಆಟ ಅಂದ್ರೆ ಕಬಡ್ಡಿ, ವಾಲಿಬಾಲ್, ಖೊಖೋ, ಆಮೇಲೆ ಕ್ರಿಕೆಟ್. ಇವೆಲ್ಲ ಮುಗಿದ ಮೇಲೆ ಜಾಗ ಉಳಿದ್ರೆ ಫುಟ್‌ಬಾಲ್. ಮೈದಾನ ಅಂದ್ರೆ ಗಟ್ಟಿ ಕೆಂಪು ನೆಲ, ಮೇಲೊಂದಿಷ್ಟು ಮೊರಂ ಪುಡಿ, ಅಂಚಿನಲ್ಲಿ ಜಾಲಿ ಮುಳ್ಳು. ನಮ್ಮ ಕಾಲು ಕಲಿತದ್ದು ಆ ನೆಲದಲ್ಲಿ.

1687: ಲಂಡನ್‌ನಲ್ಲಿ ಪುಸ್ತಕ, ಶಿರಾದಲ್ಲಿ ಸುಬೇದಾರ

ಈಗ ಇತಿಹಾಸಕ್ಕೆ ಬರೋಣ. 1687ರ ಜುಲೈನಲ್ಲಿ ಲಂಡನ್‌ನಲ್ಲಿ ಐಸಾಕ್ ನ್ಯೂಟನ್‌ನ 'ಪ್ರಿನ್ಸಿಪಿಯಾ' ಪ್ರಕಟವಾಯ್ತು. ಲ್ಯಾಟಿನ್ ಭಾಷೆ. ಚಲನೆಯ ಮೂರು ನಿಯಮ ಅದರ ಮೊದಲ ಪುಟಗಳಲ್ಲೇ ಇವೆ. ಅದೇ 1687ರಲ್ಲಿ ಔರಂಗಜೇಬನ ಸೇನಾಪತಿ ಕಾಸಿಂ ಖಾನ್ ಶಿರಾವನ್ನ ಹಿಡಿದ. ಅದಕ್ಕೂ ಮುಂಚೆ ಶಿರಾ ಬಿಜಾಪುರದ ಕೈಯಲ್ಲಿತ್ತು. 1651ರಲ್ಲಿ ತೀರಿಕೊಂಡ ಬಿಜಾಪುರದ ಅಧಿಕಾರಿ ಮಲಿಕ್ ರಿಹಾನ್‌ನ ಗೋರಿ ಈಗಲೂ ಶಿರಾದಲ್ಲಿದೆ. ಮೊಘಲರು ಬಂದ ಮೇಲೆ ಶಿರಾ ಒಂದು ಸುಬಾದ ರಾಜಧಾನಿ ಆಯ್ತು. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡ, ಬಸವಾಪಟ್ಟಣ ಎಲ್ಲ ಶಿರಾದ ಕೆಳಗೆ. ಊರಿನ ಜುಮ್ಮಾ ಮಸೀದಿ 1696ರದ್ದು.

ಈ ಎರಡು ಘಟನೆಗೆ ಏನೂ ಸಂಬಂಧ ಇಲ್ಲ. ಕಾಕತಾಳೀಯ ಅಷ್ಟೇ. ಆದ್ರೆ ನನಗೆ ಇದು ಯಾಕೆ ಇಷ್ಟ ಅಂದ್ರೆ, ನ್ಯೂಟನ್ ಅಂದ್ರೆ ಎಲ್ಲೋ ದೂರದ, ಯಾವುದೋ ಕಾಲದ ವಿಷಯ ಅಂತ ಅನ್ಸುತ್ತಲ್ಲ, ಅದು ಸ್ವಲ್ಪ ಹತ್ತಿರ ಆಗುತ್ತೆ. ಶಿರಾ ಕೋಟೆ ಮುಂದೆ ತೋಪಿನ ಗುಂಡು ಹಾರಿದ್ರೂ, ಲಂಡನ್‌ನಲ್ಲಿ ಸೇಬು ಬಿದ್ರೂ ನಿಯಮ ಒಂದೇ. ನ್ಯೂಟನ್ ಹೇಳಿದ್ದರ ತಿರುಳು ಅದೇ ಅಲ್ವಾ?

ಕಾಮರ್ಸ್ ಹುಡುಗನಾಗಿ ಇನ್ನೊಂದು ವಿಷಯ ಹೇಳಲೇಬೇಕು. ಆ ಪುಸ್ತಕ ಅಚ್ಚಾಗೋಕೆ ದುಡ್ಡೇ ಇರಲಿಲ್ಲ. ರಾಯಲ್ ಸೊಸೈಟಿ ತನ್ನ ದುಡ್ಡನ್ನ ಮೀನುಗಳ ಇತಿಹಾಸದ ಒಂದು ದುಬಾರಿ ಪುಸ್ತಕಕ್ಕೆ ಸುರಿದು ಕೂತಿತ್ತು. ಆ ಮೀನಿನ ಪುಸ್ತಕ ಮಾರಾಟ ಆಗಲಿಲ್ಲ. ಕೊನೆಗೆ ನ್ಯೂಟನ್‌ನ ಗೆಳೆಯ ಎಡ್ಮಂಡ್ ಹ್ಯಾಲಿ, ಹೌದು, ಹ್ಯಾಲಿ ಧೂಮಕೇತುವಿನ ಹ್ಯಾಲಿನೇ, ಸ್ವಂತ ಜೇಬಿಂದ ಖರ್ಚು ಹಾಕಿ 'ಪ್ರಿನ್ಸಿಪಿಯಾ' ಅಚ್ಚು ಹಾಕಿಸಿದ. ಆಮೇಲೆ ಸೊಸೈಟಿ ಹ್ಯಾಲಿಗೆ ಕೊಡಬೇಕಿದ್ದ ಸಂಬಳದ ಬದಲು ಕೊಟ್ಟಿದ್ದು ಏನು ಗೊತ್ತಾ? ಉಳಿದುಹೋದ ಮೀನಿನ ಪುಸ್ತಕದ ಪ್ರತಿಗಳು.

ಮೊದಲ ನಿಯಮ: ಬಿಟ್ಟರೆ ನೇರ

ಸರಿ, ಮೈದಾನಕ್ಕೆ ಬರೋಣ. ಮೊದಲ ನಿಯಮ ಜಡತ್ವದ್ದು. ಹೊರಗಿಂದ ಬಲ ಬೀಳದಿದ್ರೆ, ನಿಂತ ವಸ್ತು ನಿಂತೇ ಇರುತ್ತೆ, ಹೊರಟ ವಸ್ತು ಅದೇ ವೇಗದಲ್ಲಿ ನೇರವಾಗಿ ಹೋಗ್ತಾನೇ ಇರುತ್ತೆ. ಈ ದಾರಿಯಲ್ಲಿ ನ್ಯೂಟನ್‌ಗಿಂತ ಮೊದಲೇ ಗೆಲಿಲಿಯೊ ನಡೆದಿದ್ದ.

ಇದನ್ನ ಕೇಳಿದಾಗ ನಮಗೆಲ್ಲ ಬರೋ ಮೊದಲ ಪ್ರಶ್ನೆ, "ಸಾರ್, ಒದ್ದ ಬಾಲ್ ನಿಂತುಹೋಗುತ್ತಲ್ಲ?" ನಿಲ್ಲುತ್ತೆ. ಯಾಕಂದ್ರೆ ನೆಲ ಅದನ್ನ ತಡೀತಿದೆ, ಗಾಳಿಯೂ ತಡೀತಿದೆ. ಗಟ್ಟಿ ಕೆಂಪು ನೆಲದಲ್ಲಿ ಕೊಟ್ಟ ಪಾಸು ಸರ್ರನೆ ಹೋಗುತ್ತೆ. ಒದ್ದೆ ಹುಲ್ಲಿನಲ್ಲಿ ಅದೇ ಪಾಸು ಅರ್ಧಕ್ಕೇ ಸುಸ್ತಾಗುತ್ತೆ. ಅವತ್ತು ನಮ್ಮ ಪಾಸುಗಳೆಲ್ಲ ಗಿಡ್ಡ ಆಗ್ತಿದ್ದಕ್ಕೆ ಇದೇ ಕಾರಣ. ಜಯಮಂಗಲಿಯ ಮರಳಲ್ಲಿ ಆಡಿದೋರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಅಲ್ಲಿ ಬಾಲು ಉರುಳೋದೇ ಇಲ್ಲ, ಎತ್ತಿ ಆಡಬೇಕು.

ಆದ್ರೆ ಬಾಲ್ ಬಿಡಿ, ನನ್ನ ದೇಹದ ವಿಷಯಕ್ಕೆ ಬನ್ನಿ. ನಾನು ನೇರ ಓಡ್ತಿದ್ದೆ. ನನ್ನ ದೇಹಕ್ಕೆ ನೇರ ಹೋಗೋದೇ ಇಷ್ಟ. ಪಕ್ಕಕ್ಕೆ ತಿರುಗಬೇಕಂದ್ರೆ ಪಕ್ಕದಿಂದ ಯಾರಾದ್ರೂ ತಳ್ಳಬೇಕು. ಮೈದಾನದ ಮಧ್ಯ ಒಬ್ಬನೇ ಇರೋವಾಗ ಯಾರು ತಳ್ತಾರೆ? ನೆಲ. ನೆಲ ಬಿಟ್ರೆ ಬೇರೆ ಯಾರೂ ಇಲ್ಲ.

ಎರಡನೇ ನಿಯಮ: 10 ಮಿಲಿಸೆಕೆಂಡಿನ ವ್ಯವಹಾರ

ಎರಡನೇ ನಿಯಮ ಬಲಕ್ಕೂ ಸಂವೇಗಕ್ಕೂ ಇರೋ ನಂಟು. ಸಂವೇಗ ಅಂದ್ರೆ ರಾಶಿ ಗುಣಿಸು ವೇಗ. ಅದು ಎಷ್ಟು ಬೇಗ ಬದಲಾಗುತ್ತೋ ಅಷ್ಟು ಬಲ.

ಲೆಕ್ಕ ಹಾಕೋಣ. ಈಗಿನ ನಿಯಮದ ಪ್ರಕಾರ ಫುಟ್‌ಬಾಲ್ 410ರಿಂದ 450 ಗ್ರಾಂ ಇರಬೇಕು. 430 ಅಂತ ಇಟ್ಕೊಳ್ಳಿ. ಒಬ್ಬ ಹೈಸ್ಕೂಲ್ ಹುಡುಗ ಜೋರಾಗಿ ಒದ್ದು ಅದನ್ನ ಗಂಟೆಗೆ 72 ಕಿಲೋಮೀಟರ್, ಅಂದ್ರೆ ಸೆಕೆಂಡಿಗೆ 20 ಮೀಟರ್ ವೇಗಕ್ಕೆ ಏರಿಸ್ತಾನೆ. ಕಾಲಿಗೂ ಬಾಲಿಗೂ ಸಂಪರ್ಕ ಇರೋದು ಎಷ್ಟು ಹೊತ್ತು? ಹೆಚ್ಚುಕಮ್ಮಿ 10 ಮಿಲಿಸೆಕೆಂಡು. ಅಂದ್ರೆ ಒಂದು ಸೆಕೆಂಡಿನ ನೂರನೇ ಒಂದು ಭಾಗ. 0.43 ಗುಣಿಸು 20, ಅದನ್ನ 0.01ರಿಂದ ಭಾಗಿಸಿ. 860 ನ್ಯೂಟನ್. ಸುಮಾರು 88 ಕೆಜಿಯ ಮನುಷ್ಯನೊಬ್ಬ ನಿಮ್ಮ ಪಾದದ ಮೇಲೆ ನಿಂತಷ್ಟು. ಅಷ್ಟೇ ಹೊತ್ತು ನಿಂತಿರ್ತಾನೆ ಅನ್ನೋದಷ್ಟೇ ಸಮಾಧಾನ.

ಗೋಲ್‌ಕೀಪರ್ ಬಾಲನ್ನ ಹಿಡಿಯುವಾಗ ಕೈಯನ್ನ ಎದೆ ಕಡೆಗೆ ಎಳ್ಕೊಳ್ಳೋದು ನೋಡಿದ್ದೀರ. ಅದೇ ಸಂವೇಗವನ್ನ ಅವನು ಹತ್ತು ಪಟ್ಟು ಜಾಸ್ತಿ ಸಮಯದಲ್ಲಿ ಸೊನ್ನೆ ಮಾಡಿದ್ರೆ ಬಲ ಹತ್ತನೇ ಒಂದಕ್ಕೆ ಇಳಿಯುತ್ತೆ. ಒಟ್ಟಿಗೆ ಕಟ್ಟೋ ಸಾಲವನ್ನ ಕಂತಿನಲ್ಲಿ ಕಟ್ಟಿದ ಹಂಗೆ.

ಈಗ ಹಳೇ ಕಾಲದ ಚರ್ಮದ ಬಾಲ್ ನೆನೆಸ್ಕೊಳ್ಳಿ. ಮಳೆಯಲ್ಲಿ ಅದು ನೀರು ಕುಡೀತಿತ್ತು. 430 ಗ್ರಾಂ ಇದ್ದದ್ದು 600 ಗ್ರಾಂ ಆಯ್ತು ಅಂತ ಲೆಕ್ಕಕ್ಕೆ ಹಿಡಿಯಿರಿ. ಅದೇ ಹುಡುಗ, ಅದೇ ಒದೆ. ವೇಗ 72ರಿಂದ ಸುಮಾರು 52 ಕಿಲೋಮೀಟರ್‌ಗೆ ಇಳಿಯುತ್ತೆ. ಮೊದಲಿನ ವೇಗನೇ ಬೇಕು ಅಂದ್ರೆ 860ರ ಬದಲು 1,200 ನ್ಯೂಟನ್ ಬೇಕು. ಬರಿಗಾಲಾದ್ರೆ ಆ ಪೆಟ್ಟೆಲ್ಲ ಬೆರಳಿನ ಮೂಳೆಗೆ.

ಹಂಗಂತ ಬರಿಗಾಲಿಗೆ ಲಾಭವೇ ಇಲ್ಲ ಅಂತಲ್ಲ. ಎರಡನೇ ನಿಯಮದ ಪ್ರಕಾರ ರಾಶಿ ಕಮ್ಮಿ ಇದ್ರೆ ಅದೇ ಬಲಕ್ಕೆ ವೇಗೋತ್ಕರ್ಷ ಜಾಸ್ತಿ. ಕಣಕಾಲು ಮುಚ್ಚೋ ಭಾರದ ಚರ್ಮದ ಬೂಟು ಹಾಕಿದೋನಿಗಿಂತ ಬರಿಗಾಲಿನೋನು ಕಾಲನ್ನ ಬೇಗ ಬೀಸ್ತಾನೆ. ಬಾಲ್ ಎಲ್ಲಿ ತಾಗ್ತಿದೆ ಅಂತ ಚರ್ಮಕ್ಕೇ ಗೊತ್ತಾಗುತ್ತೆ. ಒಣ ನೆಲದಲ್ಲಿ ಡ್ರಿಬ್ಲಿಂಗ್‌ಗೆ ಇದು ದೊಡ್ಡ ಅನುಕೂಲ.

ಮೂರನೇ ನಿಯಮ: ಡೆಬಿಟ್ಟು, ಕ್ರೆಡಿಟ್ಟು

ಮೂರನೇ ನಿಯಮ ನನಗೆ ಅರ್ಥ ಆಗಿದ್ದು ಅಕೌಂಟೆನ್ಸಿಯಿಂದ. ಬಿ.ಕಾಂ. ಮಾಡಿದೋರಿಗೆ ಲೂಕಾ ಪಾಚೋಲಿ ಹೆಸರು ಗೊತ್ತಿರುತ್ತೆ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅವನ ಗಣಿತದ ಪುಸ್ತಕದಲ್ಲಿ ಜೋಡಿ ನಮೂದಿನ ಲೆಕ್ಕಪದ್ಧತಿ ಇದೆ. ಪ್ರತಿ ಡೆಬಿಟ್‌ಗೂ ಅಷ್ಟೇ ಮೊತ್ತದ ಕ್ರೆಡಿಟ್. ಒಂದೇ ಕಡೆ ಬರೆದು ಲೆಡ್ಜರ್ ಮುಚ್ಚೋ ಹಂಗಿಲ್ಲ. ಸುಮಾರು ಇನ್ನೂರು ವರ್ಷ ಆದ್ಮೇಲೆ ನ್ಯೂಟನ್ ಬಲಗಳ ಬಗ್ಗೆ ಇಂಥದ್ದೇ ಮಾತು ಹೇಳಿದ. ನೀನು ಎಷ್ಟು ತಳ್ತೀಯೋ ಅಷ್ಟೇ ನಿನ್ನನ್ನ ವಾಪಸ್ ತಳ್ಳಲಾಗುತ್ತೆ.

ಓಡೋದು ಅಂದ್ರೆ ನೆಲವನ್ನ ಹಿಂದಕ್ಕೆ ತಳ್ಳೋದು. ನೆಲ ನಿಮ್ಮನ್ನ ಮುಂದಕ್ಕೆ ತಳ್ಳುತ್ತೆ. ತಿರುಗೋದು ಅಂದ್ರೆ ನೆಲವನ್ನ ಹೊರಗಡೆಗೆ ತಳ್ಳೋದು. ನೆಲ ನಿಮ್ಮನ್ನ ಒಳಗಡೆಗೆ ತಳ್ಳುತ್ತೆ. ಇದೊಂಥರ ಸಾಲ. ಸಾಲಕ್ಕೆ ಒಂದು ಮಿತಿ ಇದೆ. ಆ ಮಿತಿಯ ಹೆಸರು ಘರ್ಷಣೆ.

ಈಗ ನನ್ನ ಬೀಳುವಿಕೆಯ ಲೆಕ್ಕ. ನನ್ನ ತೂಕ 55 ಕೆಜಿ ಅಂತ ಇಟ್ಕೊಳ್ಳೋಣ. ಸೆಕೆಂಡಿಗೆ 5 ಮೀಟರ್, ಅಂದ್ರೆ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಓಡ್ತಾ, 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗಬೇಕು. ಅದಕ್ಕೆ ಪಕ್ಕದಿಂದ ಬೇಕಾದ ಬಲ 275 ನ್ಯೂಟನ್. ಒಣ ನೆಲದಲ್ಲಿ ಘರ್ಷಣೆಯ ಗುಣಾಂಕ 0.6 ಅಂತ ಹಿಡಿದ್ರೆ, ನೆಲ ಗರಿಷ್ಠ 323 ನ್ಯೂಟನ್ ಕೊಡಬಲ್ಲದು. ಸಾಕು, ತಿರುಗಿದೆ. ಒದ್ದೆ ಹುಲ್ಲಿನ ಮೇಲೆ ಬರಿಗಾಲಿಗೆ ಗುಣಾಂಕ ಅರ್ಧಕ್ಕೆ ಇಳಿದು 0.3 ಆಯ್ತು ಅಂದ್ಕೊಳ್ಳಿ. ನೆಲ ಕೊಡೋದು 162 ನ್ಯೂಟನ್. ನಾನು ಕೇಳಿದ್ದು 275. ಚೆಕ್ ಬೌನ್ಸ್ ಆಯ್ತು.

ಆ ನೆಲದಲ್ಲಿ ಅದೇ ತಿರುವಿಗೆ ಸುರಕ್ಷಿತ ವೇಗ ಗಂಟೆಗೆ ಹೆಚ್ಚುಕಮ್ಮಿ 14 ಕಿಲೋಮೀಟರ್. ನಾನು 18ರಲ್ಲಿ ಹೋದೆ. ಎಂಟು ವರ್ಷದಿಂದ ಒಣ ನೆಲದಲ್ಲಿ ಆಡಿದ ನನ್ನ ಕಾಲಿಗೆ 18 ಸರಿ ಅಂತಲೇ ಗೊತ್ತಿತ್ತು.

ಈ ಲೆಕ್ಕದಲ್ಲಿ ಒಂದು ಮಜಾ ಇದೆ, ಗಮನಿಸಿ. ಬೇಕಾದ ಬಲದಲ್ಲೂ ನನ್ನ ತೂಕ ಇದೆ, ನೆಲ ಕೊಡೋ ಬಲದಲ್ಲೂ ನನ್ನ ತೂಕ ಇದೆ. ಎರಡೂ ಕಡೆ ಹೊಡೆದುಹೋಗುತ್ತೆ. ಉಳಿಯೋದು ವೇಗ, ತಿರುವಿನ ಅಳತೆ, ಭೂಮಿಯ ಗುರುತ್ವ ಮತ್ತು ನೆಲಕ್ಕೂ ಪಾದಕ್ಕೂ ಇರೋ ಹಿಡಿತ. ಕಾಲಲ್ಲಿ ಎಷ್ಟು ದಮ್ಮಿದೆ ಅನ್ನೋ ಅಂಕಿ ಎಲ್ಲೂ ಬರಲ್ಲ. ದಮ್ಮು ಜಾಸ್ತಿ ಇದ್ದೋನು ಇನ್ನೂ ವೇಗವಾಗಿ ಓಡಿ ಇನ್ನೂ ಬೇಗ ಬೀಳ್ತಾನೆ. ನಮ್ಮ ಟೀಮಿನ ಬೆಸ್ಟ್ ಪ್ಲೇಯರ್ ಎಲ್ಲರಿಗಿಂತ ಜಾಸ್ತಿ ಸಲ ಬಿದ್ದಿದ್ದು ಯಾಕೆ ಅಂತ ನನಗೆ ಅರ್ಥ ಆಗಿದ್ದು ಆಗ.

ಸ್ಟಡ್ ಮಾಡೋ ಕೆಲಸ ಇಷ್ಟೇ. ಮೆತ್ತಗಿನ ನೆಲಕ್ಕೆ ಇಳಿದು ಗೂಟದ ಹಂಗೆ ಕಚ್ಚಿಕೊಂಡು ಸಾಲದ ಮಿತಿಯನ್ನ ಏರಿಸುತ್ತೆ. ಅದೇ ಸ್ಟಡ್ಡನ್ನ ಪಾವಗಡದ ಗಟ್ಟಿ ನೆಲದಲ್ಲಿ ಹಾಕಿ ನೋಡಿ. ಒಳಗೆ ಇಳಿಯಲ್ಲ. ಪೂರ್ತಿ ಪಾದ ಮುಟ್ಟಬೇಕಾದ ಕಡೆ ನಾಲ್ಕಾರು ಗುಬ್ಬಿಗಳ ಮೇಲೆ ನಿಂತು, ಗಾರೆ ನೆಲದಲ್ಲಿ ಜಾರಿದ ಹಂಗೆ ಜಾರ್ತೀರ. ಅವತ್ತಿನ ಎದುರಾಳಿಗಳು ನಮ್ಮೂರಿಗೆ ಬಂದಿದ್ರೆ ಬೀಳೋ ಸರದಿ ಅವರದ್ದಾಗ್ತಿತ್ತೇನೋ.

ಬೆಂಗಳೂರಿನ ಬರಿಗಾಲುಗಳು

ಈಗ ಇದು ನನ್ನೊಬ್ಬನ ಕಥೆ ಅಲ್ಲ ಅಂತ ತೋರಿಸ್ತೀನಿ. ಇದೇ ಲೆಕ್ಕ ಇಡೀ ದೇಶದ ಫುಟ್‌ಬಾಲ್‌ನಲ್ಲಿ ನಡೆದಿದೆ.

1911ರ ಜುಲೈ 29. ಕಲ್ಕತ್ತಾದಲ್ಲಿ ಐಎಫ್‌ಎ ಶೀಲ್ಡ್ ಫೈನಲ್. ಮೋಹನ್ ಬಾಗಾನ್ ಆಟಗಾರರಲ್ಲಿ ಒಬ್ಬರನ್ನ ಬಿಟ್ಟು ಉಳಿದೋರೆಲ್ಲ ಬರಿಗಾಲು. ಎದುರಿಗೆ ಬೂಟು ಹಾಕಿದ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್. ಮೋಹನ್ ಬಾಗಾನ್ 2–1ರಿಂದ ಗೆದ್ದಿತು. ಅವತ್ತಿನಿಂದ ಬರಿಗಾಲು ಅನ್ನೋದು ಬರೀ ಅಭ್ಯಾಸ ಆಗಿ ಉಳೀಲಿಲ್ಲ, ಹೆಮ್ಮೆ ಆಯ್ತು.

ಆದ್ರೆ ಹೆಮ್ಮೆ ಘರ್ಷಣೆಯ ಗುಣಾಂಕವನ್ನ ಏರಿಸಲ್ಲ. ಇದನ್ನ ಮೊದಲು ಗಂಭೀರವಾಗಿ ತಗೊಂಡ ಕ್ಲಬ್ಬುಗಳಲ್ಲಿ ಕಲ್ಕತ್ತಾದ ಮೊಹಮ್ಮದನ್ ಸ್ಪೋರ್ಟಿಂಗ್ ಒಂದು. 1930ರ ದಶಕದಲ್ಲಿ ಅವರು ಮಳೆಗಾಲದ ಒದ್ದೆ ಮೈದಾನಕ್ಕೆ ಅಂತ ಹಗುರ ಬೂಟು ಹಾಕೋ ರೂಢಿ ಮಾಡ್ಕೊಂಡ್ರು. ದೇಶದ ಬೇರೆ ಬೇರೆ ಕಡೆಯಿಂದ, ನಮ್ಮ ಬೆಂಗಳೂರಿನಿಂದಲೂ, ಆಟಗಾರರನ್ನ ಕರೆಸ್ಕೊಂಡ್ರು. 1934ರಲ್ಲಿ ಕಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ಕ್ಲಬ್ ಆದ್ರು. 1938ರ ತನಕ ಸತತ ಐದು ವರ್ಷ ಗೆದ್ರು. ಬೂಟು ಒಂದೇ ಕಾರಣ ಅಲ್ಲ, ಆದ್ರೆ ಅದೂ ಒಂದು ಕಾರಣ. ಇತ್ತ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತು, 1938ರಲ್ಲಿ ಮತ್ತೆ ಗೆದ್ದಿತು. ಆಗಿನ ಮೈಸೂರು ಸೀಮೆ ಫುಟ್‌ಬಾಲ್‌ನಲ್ಲಿ ಸಣ್ಣ ಹೆಸರಲ್ಲ. 1946–47ರಲ್ಲಿ ಮೈಸೂರು ಸಂತೋಷ್ ಟ್ರೋಫಿಯನ್ನೂ ಗೆದ್ದಿತು.

ಆಮೇಲೆ 1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿಲ್ಲ. ಎದುರಾಳಿ ಫ್ರಾನ್ಸ್. ನಮ್ಮ ತಂಡದ ಹೆಚ್ಚಿನವರು ಬರಿಗಾಲು. ನ್ಯೂಟನ್ ಪುಸ್ತಕ ಅಚ್ಚಾದ ಊರಲ್ಲೇ, 261 ವರ್ಷ ಆದ್ಮೇಲೆ, ಅವನ ನಿಯಮಗಳ ಜೊತೆ ನಮ್ಮೋರ ಬರಿಗಾಲಿನ ಆಟ. ಫ್ರಾನ್ಸ್ ಒಂದು ಗೋಲು ಹಾಕ್ತು. ಭಾರತದ ಪರ ಸಮ ಮಾಡಿದ್ದು ಮೈಸೂರಿನ ಪರ ಆಡ್ತಿದ್ದ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು. ಕೊನೇ ನಿಮಿಷಗಳಲ್ಲಿ ಫ್ರಾನ್ಸ್ ಇನ್ನೊಂದು ಹಾಕಿ 2–1ರಿಂದ ಗೆದ್ದಿತು. ನಮಗೆ ಸಿಕ್ಕ ಎರಡು ಪೆನಾಲ್ಟಿಯೂ ಕೈತಪ್ಪಿದ್ವು. ಪೆನಾಲ್ಟಿ ಅಂದ್ರೆ 11 ಮೀಟರ್. ಸೆಕೆಂಡಿಗೆ 20 ಮೀಟರ್ ವೇಗಕ್ಕೆ ಅದು ಅರ್ಧ ಸೆಕೆಂಡಿನ ಆಟ.

ಆ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಕೂಡ ಇದ್ರು. ಅವರ ಡ್ರಿಬ್ಲಿಂಗ್ ನೋಡಿದ ಜನ ಹಾವಾಡಿಗ ಅಂತ ಕರೀತಿದ್ರು. ಆಮೇಲೆ ಈಸ್ಟ್ ಬೆಂಗಾಲ್‌ನ ಪಂಚಪಾಂಡವರು ಅನ್ನೋ ಐದು ಫಾರ್ವರ್ಡ್‌ಗಳಲ್ಲಿ ಒಬ್ಬರಾದ್ರು.

1950ರ ಬ್ರೆಜಿಲ್ ವಿಶ್ವಕಪ್ ವಿಷಯ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ. ಬರಿಗಾಲಲ್ಲಿ ಆಡೋಕೆ ಬಿಡಲಿಲ್ಲ, ಅದಕ್ಕೇ ಭಾರತ ಹೋಗಲಿಲ್ಲ ಅಂತ. ಕೇಳೋಕೆ ಚೆನ್ನಾಗಿದೆ. ಎದುರಾಳಿಗಳು ಹಿಂದೆ ಸರಿದಿದ್ರಿಂದ ಭಾರತಕ್ಕೆ ಅವಕಾಶ ಸಿಕ್ಕಿದ್ದು ನಿಜ, ಹೋಗದೇ ಇದ್ದದ್ದೂ ನಿಜ. ಆದ್ರೆ ಫುಟ್‌ಬಾಲ್ ಫೆಡರೇಶನ್ ಆಗ ಕೊಟ್ಟ ಕಾರಣ ತಂಡದ ಆಯ್ಕೆಯ ಬಗ್ಗೆ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯ ಸಾಲದು ಅನ್ನೋದು.

ಬರಿಗಾಲಿನ ಲೆಕ್ಕ ಚುಕ್ತಾ ಆಗಿದ್ದು 1952ರ ಜುಲೈನಲ್ಲಿ, ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ. ಚಳಿ ದೇಶ. ಮತ್ತೆ ಹಲವರು ಬರಿಗಾಲು. ಎದುರಾಳಿ ಯುಗೊಸ್ಲಾವಿಯಾ. ಸ್ಕೋರು 10–1. ಹತ್ತು ಅವರದ್ದು, ಒಂದು ನಮ್ಮದು. ಆ ಒಂದು ಗೋಲು ನಮ್ಮ ಅಹಮದ್ ಖಾನ್ ಅವರದ್ದು. ನ್ಯಾಯವಾಗಿ ಹೇಳಬೇಕಂದ್ರೆ, ಯುಗೊಸ್ಲಾವಿಯಾ ಆ ವರ್ಷ ಬೆಳ್ಳಿ ಗೆದ್ದ ತಂಡ. ಹತ್ತು ಗೋಲೂ ಬರಿಗಾಲಿನಿಂದಲೇ ಬಿದ್ದವು ಅನ್ನೋಕಾಗಲ್ಲ. ಆದ್ರೂ ಅದಾದ ಮೇಲೆ ಫೆಡರೇಶನ್ ಬೂಟು ಕಡ್ಡಾಯ ಮಾಡಿತು.

ನಾಲ್ಕೇ ವರ್ಷ ಆದ್ಮೇಲೆ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಭಾರತ ಆಸ್ಟ್ರೇಲಿಯಾವನ್ನ 4–2ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋಯ್ತು. ಏಷ್ಯಾದ ಯಾವ ತಂಡವೂ ಅಲ್ಲಿ ತನಕ ಅಷ್ಟು ದೂರ ಹೋಗಿರಲಿಲ್ಲ. ಮೈಸೂರಿನ ಕೆಂಪಯ್ಯ ಆ ತಂಡದಲ್ಲಿದ್ರು. ನಾಲ್ಕು ವರ್ಷದಲ್ಲಿ ಭಾರತೀಯರ ಕಾಲಿಗೆ ಎಲ್ಲಿಂದಲೋ ಹೊಸ ದಮ್ಮು ಬಂತಾ? ಕೋಚಿಂಗ್ ಇತ್ತು, ಅನುಭವ ಇತ್ತು, ಒಳ್ಳೆ ಆಟಗಾರರಿದ್ರು. ಜೊತೆಗೆ ನೆಲಕ್ಕೂ ಪಾದಕ್ಕೂ ನಡುವೆ ಸರಿಯಾದ ಸಾಮಾನು ಇತ್ತು.

ಗಾಳಿಯಲ್ಲೂ ಅದೇ ನಿಯಮ

ಕೊನೆಗೆ ಒಂದು ಚಿಕ್ಕ ವಿಷಯ, ನೆಲ ಬಿಟ್ಟು ಗಾಳಿಗೆ. ಫ್ರೀ ಕಿಕ್ ಬಾಗೋದು ನೋಡಿದ್ದೀರಲ್ಲ? ಅದೂ ಮೂರನೇ ನಿಯಮ. ತಿರುಗ್ತಾ ಹೋಗೋ ಬಾಲು ಗಾಳಿಯನ್ನ ಒಂದು ಪಕ್ಕಕ್ಕೆ ಎಸೆಯುತ್ತೆ, ಗಾಳಿ ಬಾಲನ್ನ ಇನ್ನೊಂದು ಪಕ್ಕಕ್ಕೆ ತಳ್ಳುತ್ತೆ. 1852ರಲ್ಲಿ ಇದರ ಮೇಲೆ ಪ್ರಯೋಗ ಮಾಡಿದ ಜರ್ಮನಿಯ ಮ್ಯಾಗ್ನಸ್ ಹೆಸರಲ್ಲಿ ಇದನ್ನ ಮ್ಯಾಗ್ನಸ್ ಪರಿಣಾಮ ಅಂತಾರೆ. ಆದ್ರೆ ಅದಕ್ಕೂ 180 ವರ್ಷ ಮೊದಲು, 1672ರಲ್ಲಿ, ಬೆಳಕಿನ ಬಗ್ಗೆ ಬರೆದ ಪತ್ರದಲ್ಲಿ ನ್ಯೂಟನ್ ಓರೆಯಾಗಿ ಹೊಡೆದ ಟೆನಿಸ್ ಚೆಂಡು ಬಾಗಿ ಹೋಗೋದನ್ನ ನೋಡಿದ್ದೀನಿ ಅಂತ ಬರೆದಿದ್ದ. ಆಟ ನೋಡ್ತಾ ಯೋಚನೆ ಮಾಡೋದು ಟೈಂ ವೇಸ್ಟ್ ಅಲ್ಲ ಅಂತ ಮನೆಯಲ್ಲಿ ಹೇಳೋಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗಲ್ಲ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನ 3–2ರಿಂದ ಸೋಲಿಸಿತು. 1968–69ರಲ್ಲಿ ಮೈಸೂರು ಅನ್ನೋ ಹೆಸರಲ್ಲಿ ಗೆದ್ದ ಮೇಲೆ 54 ವರ್ಷಕ್ಕೆ ಬಂದ ಕಪ್ಪು. ಅದರಲ್ಲಿ ರಾಬಿನ್ ಯಾದವ್ ಹೊಡೆದ ಫ್ರೀ ಕಿಕ್ ಗೋಲನ್ನ ಯೂಟ್ಯೂಬಲ್ಲಿ ಹುಡುಕಿ ನೋಡಿ. ನೋಡುವಾಗ ಗಾಳಿಯ ಕಡೆಗೂ ಗಮನ ಇರಲಿ.

ನಿಮ್ಮ ಫೋನಲ್ಲೇ ಪ್ರಯೋಗ

ಇದನ್ನೆಲ್ಲ ನನ್ನ ಮಾತು ಅಂತ ನಂಬಬೇಡಿ, ಅಳೆದು ನೋಡಿ. ಮೈದಾನದಲ್ಲಿ ಸುಣ್ಣದಲ್ಲೋ ಕಲ್ಲಲ್ಲೋ 5 ಮೀಟರ್ ಅಂತರಕ್ಕೆ ಎರಡು ಗೆರೆ ಹಾಕಿ. ಫೋನನ್ನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು, ಪಕ್ಕದಿಂದ ರೆಕಾರ್ಡ್ ಮಾಡಿ. ಬಾಲು ಮೊದಲ ಗೆರೆಯಿಂದ ಎರಡನೇ ಗೆರೆಗೆ ಹೋಗೋಕೆ ಎಷ್ಟು ಫ್ರೇಮ್ ತಗೊಳ್ತು ಎಣಿಸಿ. 1,200ನ್ನ ಆ ಸಂಖ್ಯೆಯಿಂದ ಭಾಗಿಸಿದ್ರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಬರುತ್ತೆ. 60 ಫ್ರೇಮ್ ಆದ್ರೆ 20 ಮೀಟರ್. ಒಣ ನೆಲದಲ್ಲಿ ಒಂದ್ಸಲ, ನೀರು ಚೆಲ್ಲಿ ಒಂದ್ಸಲ ಮಾಡಿ. ಕಾಲು ಬಾಲಿಗೆ ತಾಗಿರೋ ಫ್ರೇಮುಗಳನ್ನೂ ಎಣಿಸಿ. ಎರಡೋ ಮೂರೋ ಸಿಗುತ್ತೆ ಅಷ್ಟೇ.

ಕಳೆದ ತಿಂಗಳು ಊರಿಗೆ ಹೋದಾಗ ನಾನೂ ಇದನ್ನ ಮಾಡ್ದೆ. ಜೊತೆಗೆ ಬಂದಿದ್ದು ಅವನೇ, ಅವತ್ತು ಆಟ ಬಿಟ್ಟ ಗೆಳೆಯ. ಈಗ ಅವನಿಗೆ ಮದುವೆ ಆಗಿದೆ, ಸ್ವಲ್ಪ ಹೊಟ್ಟೆ ಬಂದಿದೆ. ಲೆಕ್ಕವನ್ನ ಒಂದು ಕಾಗದದಲ್ಲಿ ಬರೆದು ತೋರಿಸ್ದೆ. ಎರಡೂ ಕಡೆಯಿಂದ ತೂಕ ಹೊಡೆದುಹಾಕೋ ಜಾಗಕ್ಕೆ ಬಂದಾಗ ಅವನು ಪೆನ್ನು ಇಸ್ಕೊಂಡು ತಾನೇ ಗೆರೆ ಎಳೆದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಅವತ್ತೇ ಯಾರಾದ್ರೂ ಹೇಳಿದ್ರೆ ಒಂದ್ ಜೊತೆ ಶೂ ತಗೊಂಡ್ ಆಡ್ತಿದ್ನಲ್ಲೋ" ಅಂದ. ಆಮೇಲೆ ಚಪ್ಪಲಿ ಬಿಟ್ಟು, ಪ್ಯಾಂಟ್ ಮಡಚಿ, ಬಾಲ್ ತಗೊಂಡ. ಒಣ ನೆಲ. ನೋಡ್ತಾ ನೋಡ್ತಾ ಒಳಗಡೆ ತಿರುಗಿದ.

ಬೀಳಲಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮೈದಾನದ ಫ್ರೇಮ್ ಲೆಕ್ಕ ಬಂದ್ರೆ ನನಗೂ ತಿಳಿಸಿ.